ಅಕ್ವೇರಿಯಂ ಹವಳದ ಬಿಳಿಚುವಿಕೆ

ಹವಳದ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ನಷ್ಟವಾಗಿ ಅದರ ಬಣ್ಣ ಮಾಸುವ ಸ್ಥಿತಿಯನ್ನು ಬಿಳಿಚುವಿಕೆ ಎನ್ನುತ್ತಾರೆ. ಹವಳದ ಆಹಾರದ ಬಹುಪಾಲು ಈ ಪಾಚಿಗಳಿಂದಲೇ ದೊರೆಯುತ್ತದೆ. ಬಿಳಿಚಿದ ಹವಳ ಸತ್ತಿತೆಂದು ಭಾವಿಸಬಾರದು. ಅಂಗಾಂಶ ಕಳಚದೆ ಉಳಿದಿದ್ದರೆ ಅದು ಚೇತರಿಸಿಕೊಳ್ಳಬಲ್ಲದು.

ನೀರಿನ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಲವಣಾಂಶ ಸಾವಿರಕ್ಕೆ ಸುಮಾರು 35 ಭಾಗ ಇರುವುದು ಉತ್ತಮ. ಚಿಕ್ಕ ತೊಟ್ಟಿಯಲ್ಲಿ ಇವೆರಡೂ ಬೇಗನೆ ಏರಿಳಿಯುತ್ತವೆ. ಕರ್ನಾಟಕದ ಒಳನಾಡಿನ ಬೇಸಿಗೆಯಲ್ಲಿ ಹೀಟರಿಗಿಂತ ಫ್ಯಾನಿನ ಅಗತ್ಯವೇ ಹೆಚ್ಚು. ಆದರೆ ಫ್ಯಾನಿನ ಗಾಳಿಗೆ ನೀರು ಆವಿಯಾಗಿ, ಉಪ್ಪು ಹಿಂದುಳಿದು ಲವಣಾಂಶ ಏರುತ್ತದೆ. ಆದುದರಿಂದ ಕಡಿಮೆಯಾದಷ್ಟನ್ನು ಪ್ರತಿದಿನ ಶುದ್ಧೀಕರಿಸಿದ ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರಿನಿಂದಲ್ಲ. ಮೀನುಗಳಿಗೆ ಬಳಸುವ ತಾಮ್ರಯುಕ್ತ ಔಷಧ ಹವಳಕ್ಕೆ ವಿಷ.

ಭಾರತದ ಕಲ್ಲುಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯ ರಕ್ಷಣೆ 2001ರಿಂದ ಇದೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಹವಳವನ್ನು ಮುರಿದು ತಂದು ಸಾಕುವುದು ಅಪರಾಧ.