ಎಳ್ಳಿನ ತಟ್ಟೆಯಲ್ಲಿ ವ್ಯಾಕರಣ

ಸಂಕ್ರಾಂತಿಯು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಕೊಬ್ಬರಿಯನ್ನು ಹೆಚ್ಚುವುದೂ ಬೆಲ್ಲವನ್ನು ತುಂಡುಮಾಡುವುದೂ ಆರಂಭವಾಗುವುದಷ್ಟೆ. ಈ ಕೆಲಸಕ್ಕೆ ಮಕ್ಕಳು ಕರೆಯದೆಯೇ ಬರುತ್ತಾರೆ. ವ್ಯಾಕರಣದ ಪುಸ್ತಕಕ್ಕಾದರೋ ಕರೆದರೂ ಬಾರರು. ಎರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸಬಹುದೆಂಬುದನ್ನು ವಾಚಕರಲ್ಲಿ ಅರಿಕೆಮಾಡಬೇಕಾಗಿದೆ.

‘ಚಳಿ’ಯೂ ‘ಕಾಲ’ವೂ ಸೇರಿದಾಗ ನಾವು ‘ಚಳಿಕಾಲ’ವೆನ್ನದೆ ‘ಚಳಿಗಾಲ’ವೆನ್ನುತ್ತೇವೆ. ಕಕಾರಕ್ಕೆ ಗಕಾರವು ಬಂದುದರಿಂದ ಇದು ಆದೇಶಸಂಧಿ. ಅಕ್ಷರವನ್ನೇ ಅರಿಯದ ಅಜ್ಜಿಯೂ ಇದರಲ್ಲಿ ತಪ್ಪುವುದಿಲ್ಲ. ಹಾಗೆಯೇ ‘ಎಳ್ಳುಬೆಲ್ಲ’ದಲ್ಲಿ ಎಳ್ಳಿಗೂ ಬೆಲ್ಲಕ್ಕೂ ಸಮಾನವಾದ ಗೌರವ, ಆದುದರಿಂದ ದ್ವಂದ್ವಸಮಾಸ. ‘ಎಳ್ಳುಂಡೆ’ಯಲ್ಲಿ ಉಂಡೆಯೇ ಮುಖ್ಯ, ಎಳ್ಳು ಅದಕ್ಕೆ ಅಧೀನ, ಅದು ತತ್ಪುರುಷ. ‘ಸಕ್ಕರೆ’ಗೆ ‘ಅಚ್ಚು’ ಸೇರಿ ‘ಸಕ್ಕರೆಯಚ್ಚು’ ಆಗುವಾಗ ಯಕಾರವು ಆಗಮವಾಗಿ ಬರುವುದು. ಸಂಜೆ ಹಳ್ಳಿಗಳಲ್ಲಿ ದನಗಳು ಕಿಚ್ಚು ಹಾಯುತ್ತವೆ, ರೈತನು ಹಾಯಿಸುತ್ತಾನೆ. ಪ್ರೇರಣಾರ್ಥಕಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನರಿಯೆ.

ಇವೆಲ್ಲಕ್ಕಿಂತ ಸ್ವಾರಸ್ಯವಾದುದು ‘ಉತ್ತರಾಯಣ’. ‘ಉತ್ತರ’, ‘ಅಯನ’ಗಳು ಸೇರಿ ಸವರ್ಣದೀರ್ಘಸಂಧಿಯಾಯಿತು, ಸರಿ. ಆದರೆ ಇಲ್ಲಿ ‘ಣ’ವೂ ‘ದಕ್ಷಿಣಾಯನ’ದಲ್ಲಿ ‘ನ’ವೂ ಏಕೆ? ಸಂಸ್ಕೃತದಲ್ಲಿ ರೇಫವೂ ಷಕಾರವೂ ತಮ್ಮ ಮುಂದಿನ ನಕಾರವನ್ನು ಣಕಾರವಾಗಿ ಮಾರ್ಪಡಿಸುವುವು. ನಡುವೆ ಸ್ವರಗಳೂ ಯಕಾರವೂ ಇದ್ದರೆ ಅಡ್ಡಿಯಿಲ್ಲ. ‘ಉತ್ತರ’ದ ರೇಫವು ಹೀಗೆ ‘ಅಯನ’ದ ನಕಾರವನ್ನು ಮುಟ್ಟಿತು, ‘ರಾಮಾಯಣ’ದಲ್ಲಿಯೂ ಇದೇ ರೀತಿ. ‘ದಕ್ಷಿಣ’ದ ಷಕಾರಕ್ಕಾದರೋ ಪಕ್ಕದ ಣಕಾರವೇ ಗೋಡೆಯಂತೆ ನಿಂತಿದೆ, ಅದರ ಪ್ರಭಾವವು ಆಚೆಗೆ ಹರಿಯದು.

ಹಬ್ಬದ ದಿನವೇ ಸೂರ್ಯನು ಉತ್ತರಕ್ಕೆ ತಿರುಗುವನೆಂದು ಮಕ್ಕಳಿಗೆ ಹೇಳುವ ಹಿರಿಯರು ಇನ್ನೊಂದು ಮಾತನ್ನೂ ಸೇರಿಸತಕ್ಕದ್ದು. ಆಕಾಶದಲ್ಲಿ ಆ ತಿರುವು ಡಿಸೆಂಬರ್ 21 ಅಥವಾ 22ರಂದು ಆಗುತ್ತದೆ. ಸಂಕ್ರಾಂತಿಯು ಈಗ ಬರುವುದು ಜನವರಿ 14 ಅಥವಾ 15ರಂದು. ಭೂಮಿಯ ಅಕ್ಷವು ಬುಗುರಿಯಂತೆ ಬಹು ನಿಧಾನವಾಗಿ ತೂಗಾಡುವುದರಿಂದ, ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಈ ಅಂತರವು ಬೆಳೆದುಬಂದಿದೆ. ಸುಮಾರು 1700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಕೂಡುತ್ತಿದ್ದುವು.

ಇನ್ನು ಹಾರೈಕೆಯ ಮಾತು. ‘ಶುಭಾಷಯ’ವೆಂದು ಅಚ್ಚಾದ ಕಾಗದಗಳೂ ಫಲಕಗಳೂ ಹಬ್ಬಹಬ್ಬಕ್ಕೂ ಕಣ್ಣಿಗೆ ಬೀಳುತ್ತವೆ. ಬಹುಶಃ ‘ಭಾಷೆ’, ‘ಭಾಷಣ’ಗಳ ನೆನಪು ಬರೆಯುವವರ ಕೈಯನ್ನು ಎಳೆಯುತ್ತಿರಬೇಕು. ‘ಶುಭ’ಕ್ಕೆ ‘ಆಶಯ’ ಸೇರಿ ಆದುದು ‘ಶುಭಾಶಯ’. ಹಿರಿಯರು ಬರೆದುದಕ್ಕಾಗಿ ನಾನು ಇಷ್ಟು ಬೇಸರಪಡುತ್ತಿರಲಿಲ್ಲ. ಆದರೆ ಮುದ್ರಿತವಾದುದೇ ಪ್ರಮಾಣವೆಂದು ನಂಬಿ ಮಗುವು ತಾನು ಸರಿಯಾಗಿ ಬರೆದುದನ್ನು ಅಳಿಸಿ ತಪ್ಪನ್ನು ಬರೆದುಕೊಂಡರೆ, ಪರೀಕ್ಷೆಯಲ್ಲಿ ಅಂಕವನ್ನು ಕಳೆದುಕೊಳ್ಳುವುದು ಆ ಮಗುವೇ ಅಲ್ಲವೆ? ಆದುದರಿಂದ ಎಳ್ಳು ಬೀರುವ ಪೊಟ್ಟಣದ ಮೇಲಿನ ಹಾರೈಕೆಯನ್ನು ಈ ವರ್ಷ ಮಕ್ಕಳ ಕೈಯಿಂದಲೇ ಬರೆಯಿಸಿರಿ, ಪದವನ್ನು ಬಿಡಿಸಿ ಹೇಳಿಸಿದ ಮೇಲೆ.

ಸಂಜೆ ಕೇಳುವುದಕ್ಕೆ ಇನ್ನು ಮೂರು ಪದಗಳು: ‘ಮಳೆಗಾಲ’, ‘ಬೆಲ್ಲದಚ್ಚು’, ‘ಧನುರ್ಮಾಸ’. ಮೊದಲನೆಯದು ‘ಚಳಿಗಾಲ’ದ ಜೊತೆಯದು; ಎರಡನೆಯದರಲ್ಲಿ ಒಂದು ಸ್ವರವು ಲೋಪವಾಗಿದೆ; ಮೂರನೆಯದರ ರೇಫವು ವಿಸರ್ಗದಿಂದ ಬಂದುದು.