ಖುಷ್ಕಿ ಹೊಲದ ಕಡತ

ಹಲಬರ್ಗಾದ ನಮ್ಮ ಮನೆಯ ಹಳೇ ಕಂಪ್ಯೂಟರು ಹೋದ ಬೇಸಿಗೆಯಲ್ಲಿ ಟಿಕ್ ಟಿಕ್ ಅನ್ನತೊಡಗಿತು. ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ, ಅದಕ್ಕೆ ತಾಗದಂತೆ ತೇಲುತ್ತ ಓದುವ ಪುಟ್ಟ ಮೂತಿ. ಆ ಮೂತಿ ಜಾಗ ಸಿಗದೆ ತಡಕಾಡುವ ಸದ್ದು ಅದು. ಈಗಲಾದರೂ ಬಂದೀತೇನೋ ಎಂದು ನಾನು ಮತ್ತೆ ಮತ್ತೆ ಆನ್ ಮಾಡಿದೆ. ಮಾಡಬಾರದ್ದು ಅದನ್ನೇ.

ರೈಲು ಹತ್ತಿ ಬೀದರಿಗೆ ಒಯ್ದೆ. ರಿಪೇರಿಯವನು ಸಲೀಸಾಗಿ ಓದಿಸಿಕೊಳ್ಳುವ ಭಾಗವನ್ನು ಮೊದಲು ಎಳೆದುಕೊಂಡ, ಕೆಟ್ಟ ಸೆಕ್ಟರುಗಳಿಗೆ ಕೊನೆಗೆ ಕೈ ಹಾಕಿದ. ಮೊದಲೇ ಅವುಗಳ ಜೊತೆ ಗುದ್ದಾಡಿದರೆ ಉಳಿದದ್ದೂ ಹೋಗುತ್ತದಂತೆ. 80 ಜಿಬಿ ಸರಕು ಅಂಗೈಯಗಲದ ಎಸ್‌ಎಸ್‌ಡಿಗೆ ಇಳಿಯಿತು. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 50 ತಟ್ಟೆಗಳಿದ್ದವು. ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಅದೇ ವರ್ಷ ನವೆಂಬರ್ 1ಕ್ಕೆ ನಮ್ಮ ಬೀದರ್ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರಿಗೆ ಸೇರಿತು.

ನನಗೆ ಬೇಕಿದ್ದ ಕಡತದ ಕಥೆ ಅಲ್ಲಿಂದಲೇ ಶುರು. ಅಜ್ಜನ ಹೊಲದ್ದು 1954-55ರ ಖಸ್ರಾ ಪಹಣಿ, ಉರ್ದುವಿನಲ್ಲಿದೆ. ಸರ್ಕಾರದ ಭಾಷೆ ಬದಲಾಯಿತು, ಟ್ರಂಕಿನ ಕಾಗದ ಬದಲಾಗಲಿಲ್ಲ. 2000ದ ಹೊತ್ತಿಗೆ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿಗಳು ಕಂಪ್ಯೂಟರು ಸೇರಿದವು. ಹಳೆಯದೇನಿತ್ತು ಎಂಬ ತಕರಾರು ಬಂದರೆ ಮಾತ್ರ ಈಗಲೂ ಉರ್ದು ಬಲ್ಲವರನ್ನು ಹುಡುಕಬೇಕು. ಅಪ್ಪ ಒಬ್ಬ ನಿವೃತ್ತ ಮಾಸ್ತರರ ಮುಂದೆ ಕೂತು ಅದನ್ನು ಓದಿಸಿ, ಕನ್ನಡಕ್ಕಿಳಿಸಿ, ಭಾಲ್ಕಿಯಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದರು. ಮಾಸ್ತರರೂ ಇಲ್ಲ, ಅಪ್ಪನೂ ಇಲ್ಲ.

ಹೊಸ ಡಿಸ್ಕಿನಲ್ಲಿ ಆ ಕಡತ ತೆರೆದರೆ ಕನ್ನಡವೇ ಇಲ್ಲ! ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ರೋಮನ್ ಅಕ್ಷರಗಳ ಸಂತೆ. ನಕಲು ತಪ್ಪಿರಲಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ಆಗಿನ ‘ನುಡಿ’ಯಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳು ಇಂಗ್ಲಿಷಿನ ಮನೆಗಳಲ್ಲೇ ಬಾಡಿಗೆಗಿದ್ದವು. ಫಾಂಟ್ ಇಲ್ಲದಿದ್ದರೆ ಮನೆಯೊಡೆಯರ ಮುಖವೇ ಕಾಣುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ: ‘ಕ’ಕ್ಕೆ 3221 ಎಂಬ ಸ್ವಂತ ಸಂಖ್ಯೆಯೇ ಇದೆ. ಕನ್ನಡ ಅದರೊಳಗೆ 1991ರಲ್ಲೇ ಇತ್ತು. ನಮ್ಮ ಟೈಪಿಂಗ್ ಅಂಗಡಿಗಳಿಗೆ ಬರಲು ಬಹಳ ಕಾಲ ಹಿಡಿಯಿತು.

ಅಂಕಿಗಳು ಮಾತ್ರ ತಮ್ಮ ಮನೆ ಬಿಟ್ಟಿರಲಿಲ್ಲ. ಸರ್ವೆ ನಂಬರು, ಎಕರೆ, ಗುಂಟೆ ಎಲ್ಲ ಸ್ಪಷ್ಟ. ಹೊಲ ಯಾರದೆಂಬುದೇ ತಿಳಿಯದು.

ಕಡತವನ್ನು ಯೂನಿಕೋಡ್ ಪರಿವರ್ತಕಕ್ಕೆ ಹಾಕಿ ಕೂತೆ. ಮೊದಲು ಕಣ್ಣಿಗೆ ಬಿದ್ದ ಪದ ‘ಖುಷ್ಕಿ’: ಮಳೆ ನಂಬಿದ ಹೊಲಕ್ಕೆ ನಿಜಾಮರ ಕಾಲದ ಹೆಸರು. ಮಾಸ್ತರರು ಅದೊಂದನ್ನು ಕನ್ನಡ ಮಾಡದೆ ಹಾಗೇ ಬಿಟ್ಟಿದ್ದರು.