ಹಳೆಯ ಕಾರಿನ ರೇಡಿಯೋ ಬದಲಾವಣೆ: ಡ್ಯಾಶ್‌ಬೋರ್ಡಿನ ಫಲಕ ಬಿಚ್ಚುವ ಕ್ರಮ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಮನೆಯ ಹಳೆಯ ಕಾರು ಕಾಲೇಜಿಗೆ ಹೊರಟ ಮಗಳಿಗೋ ಮಗನಿಗೋ ಸಲ್ಲುವುದು ವಾಡಿಕೆ. 2003ರಿಂದ 2008ರವರೆಗಿನ ಮಾದರಿಯ ಟೊಯೋಟಾ ಕೊರೊಲಾ ಅಂಥದೊಂದು ಕಾರು. ಎಂಜಿನ್ ಇನ್ನೂ ಗಟ್ಟಿಮುಟ್ಟು. ರೇಡಿಯೋ ಮಾತ್ರ ಸಿ.ಡಿ. ಕಾಲದ್ದು. ಬ್ಲೂಟೂತ್ ಇಲ್ಲದ ಕಾರಿನಲ್ಲಿ ದಾರಿ ತೋರುವ ಫೋನು ಕೊನೆಗೆ ಚಾಲಕನ ತೊಡೆಯ ಮೇಲೆಯೇ ಬಂದು ಕೂರುತ್ತದೆ. ವೈದ್ಯನಾದ ನಾನು ಈ ಕಾರಣಕ್ಕಾಗಿಯೇ ರೇಡಿಯೋ ಬದಲಿಸುವುದನ್ನು ಶೋಕಿಯೆಂದು ಭಾವಿಸುವುದಿಲ್ಲ. ಆದರೆ ಬದಲಿಸುವ ಭರದಲ್ಲಿ ಏರ್‌ಬ್ಯಾಗಿನ ವ್ಯವಸ್ಥೆಯನ್ನು ಕೆಡಿಸಿಕೊಂಡರೆ ಒಂದು ಅಪಾಯವನ್ನು ಕೊಟ್ಟು ಇನ್ನೊಂದನ್ನು ಕೊಂಡಂತಾಗುತ್ತದೆ.

ಆದುದರಿಂದ ಕೆಲಸ ಬ್ಯಾಟರಿಯಿಂದ ಆರಂಭವಾಗಬೇಕು. ಹೋಂಡಾದಂತಹ ಕೆಲವು ಕಾರುಗಳ ಮೂಲ ರೇಡಿಯೋ ವಿದ್ಯುತ್ತು ತಪ್ಪಿದೊಡನೆ ಗುಪ್ತಸಂಖ್ಯೆ ಕೇಳುತ್ತದೆ. ಅದನ್ನು ಮತ್ತೆ ಜೋಡಿಸುವ ಉದ್ದೇಶವಿದ್ದರೆ ಸಂಖ್ಯೆಯನ್ನು ಮೊದಲೇ ಹುಡುಕಿಟ್ಟುಕೊಳ್ಳಬೇಕು. ಕೆಲವು ಕಾರುಗಳಲ್ಲಿ ಪಾರ್ಕ್ ಸ್ಥಾನದಲ್ಲಿರುವ ಗೇರಿನ ಹಿಡಿ ಫಲಕಕ್ಕೆ ಅಡ್ಡ ಬರುತ್ತದೆ. ಅಂಥಲ್ಲಿ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಡಿಯನ್ನು ಕೆಳಕ್ಕೆ ಸರಿಸಿದ ಬಳಿಕವೇ ಕೀಲಿಯನ್ನು ಆಫ್ ಮಾಡಬೇಕು. ಅನಂತರ ಬ್ಯಾಟರಿಯ ಋಣಧ್ರುವದ ತಂತಿಯನ್ನು ಕಳಚಿ ಕಾಯಬೇಕು. ಏಕೆ ಕಾಯಬೇಕು? ಡಿಕ್ಕಿಯಲ್ಲಿ ಬ್ಯಾಟರಿಯ ಸಂಪರ್ಕ ಕಡಿದುಹೋದರೂ ಏರ್‌ಬ್ಯಾಗ್ ಉಬ್ಬಬೇಕೆಂದು ಅದರ ನಿಯಂತ್ರಕದೊಳಗಿನ ಕೆಪಾಸಿಟರುಗಳು ಸ್ವಲ್ಪ ಹೊತ್ತು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಟೊಯೋಟಾ ಸೂಚಿಸುವ ಕನಿಷ್ಠ ಅವಧಿ 90 ಸೆಕೆಂಡು, ಹೋಂಡಾದ್ದು 3 ನಿಮಿಷ. ನಾನು ಒಂದು ಲೋಟ ಕಾಫಿ ಮುಗಿಯುವವರೆಗೆ ಕಾಯುತ್ತೇನೆ.

ಏರ್‌ಬ್ಯಾಗಿನ ತಂತಿಗಳ ಕನೆಕ್ಟರುಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಅವನ್ನು ಬಿಚ್ಚಕೂಡದು, ಮೀಟರ್ ಹಚ್ಚಿ ಅಳೆಯಲೂ ಕೂಡದು. ಹೊಸ ರೇಡಿಯೋದಿಂದ ಹೊರಡುವ ಹಳದಿ ತಂತಿ ಬೇರೆಯೇ ವಿಷಯ. ಅದು ಬ್ಯಾಟರಿಯಿಂದ ಸದಾ ಬರುವ ವಿದ್ಯುತ್ತಿಗೆ ಸೇರಿದ್ದು.

ಇನ್ನು ಫಲಕ. ಹೊರಗಿನಿಂದ ನೋಡಿದರೆ ಅದನ್ನು ಅಂಟಿಸಿರುವಂತೆ ಕಾಣುತ್ತದೆ. ವಾಸ್ತವದಲ್ಲಿ ಅದರ ಬೆನ್ನಿನಲ್ಲಿ ಪ್ಲಾಸ್ಟಿಕ್ಕಿನ ಚಿಕ್ಕ ನಾಲಗೆಗಳಿದ್ದು, ಅವುಗಳ ಮೇಲೆ ಲೋಹದ ಸ್ಪ್ರಿಂಗ್ ಕ್ಲಿಪ್ಪುಗಳು ಕುಳಿತಿರುತ್ತವೆ. ಈ ಕ್ಲಿಪ್ಪುಗಳು ಡ್ಯಾಶ್‌ಬೋರ್ಡಿನ ರಂಧ್ರಗಳಲ್ಲಿ ಕಚ್ಚಿಕೊಂಡಿರುತ್ತವೆ. ನೇರವಾಗಿ ತನ್ನತ್ತ ಎಳೆದರೆ ಕ್ಲಿಪ್ ಬಿಡುತ್ತದೆ. ಒಂದೇ ಮೂಲೆಯನ್ನು ಹಿಡಿದು ತಿರುಚಿದರೆ ನಾಲಗೆ ಮುರಿಯುತ್ತದೆ. ಇಪ್ಪತ್ತು ವರ್ಷದ ಬಿಸಿಲು ತಿಂದ ಪ್ಲಾಸ್ಟಿಕ್ ಮೊದಲೇ ಪೆಡಸು, ಚಳಿಯಲ್ಲಿ ಮತ್ತಷ್ಟು. ಹಾಗಾಗಿ ಚಳಿಗಾಲದಲ್ಲಿ ಬ್ಯಾಟರಿ ಕಳಚುವ ಮುನ್ನ ಕಾರಿನ ಒಳಗನ್ನು ಬೆಚ್ಚಗೆ ಮಾಡಿಕೊಳ್ಳುವುದು ಒಳಿತು. ಕಬ್ಬಿಣದ ಸ್ಕ್ರೂಡ್ರೈವರ್ ಗೆರೆ ಮೂಡಿಸುತ್ತದೆ. ನೈಲಾನಿನ ಚಪ್ಪಟೆ ಮೀಟುಗೋಲು ಕೆಲವೇ ಡಾಲರಿಗೆ ದೊರೆಯುತ್ತದೆ. ಅಂಚಿನ ಸಂದಿನಲ್ಲಿ ಅದನ್ನು ತೂರಿಸಿ, ಸುತ್ತಲೂ ಸ್ವಲ್ಪಸ್ವಲ್ಪವೇ ಸಡಿಲಿಸುತ್ತಾ ಬರಬೇಕು. ಶಸ್ತ್ರಚಿಕಿತ್ಸಕರು ಅಂಗಾಂಶಗಳ ನಡುವಿನ ಸಹಜವಾದ ಪದರವನ್ನು ಹುಡುಕಿ ಬಿಡಿಸುವಂತೆಯೇ ಇದು: ಬಲ ಹೆಚ್ಚು ಬೇಕೆನಿಸಿದಲ್ಲಿ ನಾವು ತಪ್ಪು ಜಾಗದಲ್ಲಿದ್ದೇವೆ, ಇಲ್ಲವೇ ಎಲ್ಲೋ ಒಂದು ಸ್ಕ್ರೂ ಅಡಗಿದೆ. ಬೂದಿಬಟ್ಟಲಿನ ಹಿಂದೆ, ಚಿಕ್ಕ ಮುಚ್ಚಳಗಳ ಅಡಿಯಲ್ಲಿ ನೋಡಬೇಕು.

ಫಲಕ ಬಿಟ್ಟಿತೆಂದು ಸಂತೋಷದಿಂದ ಸೆಳೆಯಬಾರದು. ಅಪಾಯಸೂಚಕ ದೀಪದ ಗುಂಡಿ, ಕೆಲವು ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗಿನ ಸೂಚಕದೀಪ, ಇವುಗಳ ತಂತಿಗಳು ಹಿಂದೆ ಇರುತ್ತವೆ. ಕನೆಕ್ಟರಿನ ಕೊಂಡಿಯನ್ನು ಒತ್ತಿ ಬಿಡಿಸಬೇಕು, ತಂತಿಯನ್ನು ಹಿಡಿದು ಎಳೆಯಬಾರದು. ಬಿಡಿಸುವ ಮುನ್ನ ಒಂದು ಚಿತ್ರ ತೆಗೆದುಕೊಳ್ಳಿ. ಸೂಚಕದೀಪದ ಕನೆಕ್ಟರ್ ಬಿಚ್ಚಿರುವಾಗ ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದರೆ ನಿಯಂತ್ರಕ ಅದನ್ನು ದೋಷವೆಂದು ದಾಖಲಿಸಿಕೊಂಡು ಎಚ್ಚರಿಕೆಯ ದೀಪ ಹಚ್ಚಬಹುದು.

ಟೊಯೋಟಾದ ರೇಡಿಯೋವನ್ನು ಹಿಡಿದಿರುವುದು 10 ಮಿ.ಮೀ. ತಲೆಯ ನಾಲ್ಕು ಬೋಲ್ಟುಗಳು. ಹೊಸ ರೇಡಿಯೋಗಳಲ್ಲಿ ಒಂದು ಅಳತೆಯದು ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ, ಎರಡರಷ್ಟರದು 100 ಮಿ.ಮೀ. ಎತ್ತರ. ಟೊಯೋಟಾದ ತೆರಪು 200 ಮಿ.ಮೀ. ಅಗಲವಿರುವುದರಿಂದ ಎರಡೂ ಬದಿಗೆ ಪಟ್ಟಿಗಳು ಬೇಕಾಗುತ್ತವೆ. ಕಾರಿನ ಮೂಲ ತಂತಿಗಳನ್ನು ಕತ್ತರಿಸುವ ಅಗತ್ಯವೇ ಇಲ್ಲ: 10 ಮತ್ತು 6 ಪಿನ್ನುಗಳ ಅವುಗಳ ಕನೆಕ್ಟರಿಗೆ ಹೊಂದುವ ಅಡಾಪ್ಟರ್ ಸಿಗುತ್ತದೆ. ಅದನ್ನು ಹೊಸ ರೇಡಿಯೋದ ತಂತಿಗಳಿಗೆ ಮನೆಯ ಮೇಜಿನ ಮೇಲೆಯೇ, ಒಳ್ಳೆಯ ಬೆಳಕಿನಲ್ಲಿ ಜೋಡಿಸಬಹುದು. ಸಾಮಾನ್ಯವಾಗಿ ಕೆಂಪು ಕೀಲಿ ತಿರುಗಿಸಿದಾಗ ಬರುವ ವಿದ್ಯುತ್ತಿಗೆ, ಕಪ್ಪು ಕಾರಿನ ಲೋಹದ ಮೈಗೆ. ಸ್ಪೀಕರುಗಳ ತಂತಿಯನ್ನು ಮಾತ್ರ ಎಂದಿಗೂ ಮೈಗೆ ಸೇರಿಸಬಾರದು. ರೇಡಿಯೋದೊಳಗಿನ ಆಂಪ್ಲಿಫೈಯರ್ ಸುಟ್ಟುಹೋಗಬಹುದು.

ಮೈಕನ್ನು ಮುಂಗಾಜಿನ ಪಕ್ಕದ ಕಂಬಕ್ಕೆ ಅಂಟಿಸುವವರಿದ್ದಾರೆ. ಆ ಕಂಬದ ಮೇಲೆ ಎಸ್‌ಆರ್‌ಎಸ್ ಎಂಬ ಅಕ್ಷರಗಳಿದ್ದರೆ ಒಳಗೆ ಪರದೆಯಂತೆ ಇಳಿಯುವ ಏರ್‌ಬ್ಯಾಗಿದೆ ಎಂದರ್ಥ. ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ಬಿಚ್ಚಿಕೊಳ್ಳುವ ಅದರ ದಾರಿಯಲ್ಲಿ ತಂತಿಯಾಗಲಿ ಮೈಕಾಗಲಿ ಇರಕೂಡದು. ಸ್ಟೀರಿಂಗ್ ಕಂಬದ ಮೇಲ್ಭಾಗದ ಹೊದಿಕೆ ನನಗೆ ಹೆಚ್ಚು ಸೂಕ್ತವೆನಿಸುತ್ತದೆ.

ಬೋಲ್ಟುಗಳನ್ನು ಬಿಗಿದು, ಬಿಚ್ಚಿದ ಕನೆಕ್ಟರುಗಳೆಲ್ಲವನ್ನೂ ಸೇರಿಸಿ, ಫಲಕವನ್ನು ಒತ್ತಿ ಕೂರಿಸುವ ಮೊದಲು ಬ್ಯಾಟರಿ ಜೋಡಿಸಿ ಪರೀಕ್ಷಿಸಬೇಕು: ನಾಲ್ಕೂ ಸ್ಪೀಕರುಗಳ ಸದ್ದು, ಅಪಾಯಸೂಚಕ ದೀಪ, ಕೀಲಿ ತಿರುಗಿಸಿದಾಗ ಹೊತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕಾದ ಏರ್‌ಬ್ಯಾಗ್ ದೀಪ. ರಂಧ್ರದಲ್ಲೇ ಉಳಿದುಹೋದ ಕ್ಲಿಪ್ಪುಗಳನ್ನು ಇಕ್ಕಳದಿಂದ ತೆಗೆದು ಫಲಕದ ನಾಲಗೆಗೆ ತೊಡಿಸಿದ ಮೇಲೆ ಒತ್ತಿರಿ. ಒಂದು ಕ್ಲಿಪ್ ತಪ್ಪಿದರೂ ಹೆದ್ದಾರಿಯಲ್ಲಿ ಫಲಕ ಗಡಗಡ ಎನ್ನುತ್ತಲೇ ಇರುತ್ತದೆ.